ಮೊಟ್ಟೆಯಿಲ್ಲದ ತಮಾಗೊಯಾಕಿ: ಹೆಸರುಬೇಳೆ, ತೋಫುವಿನ ಸುರುಳಿ

ತಮಾಗೊಯಾಕಿ ಎಂಬುದು ಕಲಕಿದ ಮೊಟ್ಟೆಯನ್ನು ಆಯತಾಕಾರದ ಬಾಣಲೆಯಲ್ಲಿ ತೆಳ್ಳಗೆ ಹುಯ್ದು, ಪದರದ ಮೇಲೆ ಪದರ ಸುತ್ತಿ ಮಾಡುವ ಜಪಾನಿ ಆಮ್ಲೆಟ್. ಟೋಕಿಯೊ ಕಡೆಯದರಲ್ಲಿ ಸಿಹಿ ಮುಂದಾಗಿರುತ್ತದೆ. ಒಸಾಕಾ, ಕ್ಯೋಟೊ ಕಡೆಯದರಲ್ಲಿ ದಾಶಿ ಎಂಬ ತಿಳಿಸಾರಿನ ರುಚಿ ಮುಂದಾಗಿರುತ್ತದೆ. ಮೊಟ್ಟೆಯನ್ನು ಕೈಬಿಟ್ಟ ಮಾತ್ರಕ್ಕೆ ಇದು ಸಸ್ಯಾಹಾರವಾಗುವುದಿಲ್ಲ, ಏಕೆಂದರೆ ದಾಶಿಗೆ ಸಾಮಾನ್ಯವಾಗಿ ಒಣಮೀನಿನ ಚಕ್ಕೆಗಳನ್ನು ಹಾಕಿರುತ್ತಾರೆ. ಆದ್ದರಿಂದ ದಾಶಿಯಿಂದಲೇ ಆರಂಭಿಸಬೇಕು.

ಬೆಂಗಳೂರಿನಲ್ಲಿ ಜಪಾನಿ, ಕೊರಿಯನ್ ಪದಾರ್ಥಗಳನ್ನು ಮಾರುವ ಅಂಗಡಿಗಳಲ್ಲಿ ಕೊಂಬು ಎಂಬ ಒಣ ಕಡಲಕಳೆಯೂ ಒಣ ಶಿಟಾಕೆ ಅಣಬೆಯೂ ಸಿಗುತ್ತವೆ. 5 ಗ್ರಾಂ ಕೊಂಬು ಮತ್ತು 2 ಅಣಬೆಗಳನ್ನು 300 ಮಿ.ಲೀ. ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಬಿಸಿಮಾಡಿ, ಕುದಿಯುವ ಮೊದಲೇ ಕೊಂಬುವನ್ನು ತೆಗೆದುಬಿಡಿ. ಕುದಿದರೆ ಲೋಳೆಯೂ ಕಹಿಯೂ ಬಿಡುತ್ತದೆ. ಸಾರನ್ನು ಸೋಸಿ ಪೂರ್ತಿ ತಣಿಸಿ. 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಉಮಾಮಿ, ಅಂದರೆ ಸಾರಿಗೆ ಬಾಯಿತುಂಬುವ ಸ್ವಾದ ಕೊಡುವ ರುಚಿಯ ಮೂಲವಾದ ಗ್ಲುಟಮೇಟನ್ನು ಗುರುತಿಸಿದ್ದು ಕೊಂಬುವಿನ ಸಾರಿನಲ್ಲಿಯೇ. ಹಾಗಾಗಿ ಮೀನಿಲ್ಲದೆ ಸಾರು ಸಪ್ಪೆಯಾದೀತೆಂಬ ಅನುಮಾನ ಬೇಡ.

100 ಗ್ರಾಂ ಹೆಸರುಬೇಳೆಯನ್ನು 4 ಗಂಟೆ ನೆನೆಸಿ, ನೀರು ಬಸಿದು, 150 ಗ್ರಾಂ ಮೃದುವಾದ ತೋಫು ಮತ್ತು 200 ಮಿ.ಲೀ. ದಾಶಿಯೊಂದಿಗೆ ನುಣ್ಣಗೆ ರುಬ್ಬಿ. 2 ದೊಡ್ಡ ಚಮಚ ಕಾರ್ನ್‌ಫ್ಲೋರ್, 2 ಸಣ್ಣ ಚಮಚ ಸಕ್ಕರೆ, 1 ಸಣ್ಣ ಚಮಚ ಸೋಯಾ ಸಾಸ್, ಚಿಟಿಕೆ ಅರಿಸಿನ ಮತ್ತು ಕಾಲು ಸಣ್ಣ ಚಮಚ ಕಾಲಾ ನಮಕ್ (ಕಪ್ಪು ಉಪ್ಪು) ಬೆರೆಸಿ, ಜರಡಿಯಲ್ಲಿ ಸೋಸಿ. ಹಿಟ್ಟು ನೀರುದೋಸೆಯ ಹಿಟ್ಟಿಗಿಂತ ತುಸು ಗಟ್ಟಿಯಾಗಿರಲಿ. ಮೊಟ್ಟೆಯ ವಾಸನೆ ಕೊಡುವುದು ಕಾಲಾ ನಮಕ್‌ನಲ್ಲಿರುವ ಗಂಧಕದ ಸಂಯುಕ್ತಗಳು; ಬಿಸಿಗೆ ಆ ವಾಸನೆ ಕುಗ್ಗುವುದರಿಂದ ಕೊನೆಯಲ್ಲಿ ಉದುರಿಸಲು ಇನ್ನೊಂದು ಚಿಟಿಕೆ ಎತ್ತಿಡಿ.

ದೋಸೆ ಮಾಡಿ ಪಳಗಿದ ಕೈಗೆ ಇಲ್ಲಿ ಒಂದು ಎಚ್ಚರ ಬೇಕು: ಈ ಹಿಟ್ಟು ಹುದುಗಬಾರದು. ಹುದುಗಿದರೆ ಹುಳಿಯೊಡೆದು, ಪದರದ ತುಂಬ ತೂತು ಬಿದ್ದು, ಸುತ್ತುವಾಗ ಹರಿಯುತ್ತದೆ. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಂತೂ ರುಬ್ಬಿದ ಕೂಡಲೇ ಬಳಸಬೇಕು, ಇಲ್ಲವೇ ಫ್ರಿಜ್ಜಿನಲ್ಲಿಡಬೇಕು.

ಆಯತಾಕಾರದ ಬಾಣಲೆಯಿಲ್ಲದಿದ್ದರೆ ಸಣ್ಣ ನಾನ್‌ಸ್ಟಿಕ್ ತವಾ ಸಾಕು. ಸಣ್ಣ ಉರಿಯಲ್ಲಿ ಎಣ್ಣೆ ಸವರಿ, ಒಂದು ಸೌಟು ಹಿಟ್ಟು ಹುಯ್ದು, ತವಾ ಓಲಾಡಿಸಿ ತೆಳ್ಳಗೆ ಹರಡಿ ಮುಚ್ಚಳ ಮುಚ್ಚಿ. ಬೇಳೆ ಹಸಿಯಾಗಿ ಉಳಿಯದಂತೆ ಮೇಲ್ಭಾಗದ ಬಣ್ಣ ಮಾಸುವವರೆಗೆ, ಸುಮಾರು 2 ನಿಮಿಷ, ಬೇಯಿಸಬೇಕು. ಆದರೆ ಮೇಲೆ ತುಸು ಅಂಟು ಇರುವಾಗಲೇ ಸುತ್ತಬೇಕು, ಪದರಗಳು ಹಿಡಿದುಕೊಳ್ಳುವುದು ಆ ಅಂಟಿನಿಂದಲೇ. ಕೆಳಭಾಗ ಕಂದುಬಣ್ಣಕ್ಕೆ ತಿರುಗಿದರೆ ಉರಿ ಹೆಚ್ಚಾಯಿತೆಂದು ತಿಳಿಯಿರಿ. ಸುರುಳಿಯನ್ನು ತವಾದ ಅಂಚಿಗೆ ಸರಿಸಿ, ಮತ್ತೆ ಎಣ್ಣೆ ಸವರಿ, ಹಿಟ್ಟು ಹುಯ್ದು, ಸುರುಳಿಯನ್ನು ಸಟ್ಟುಗದಿಂದ ಎತ್ತಿ ಅದರಡಿಗೂ ಹಿಟ್ಟು ಹರಿಯಗೊಡಿ. ಅದು ಬೆಂದ ಮೇಲೆ ಅದೇ ಸುರುಳಿಯಿಂದ ಆರಂಭಿಸಿ ಹಿಂದಕ್ಕೆ ಸುತ್ತಿ. ನಾಲ್ಕೈದು ಪದರಗಳಾದರೆ ಸಾಕು.

ಬಿಸಿಯಿರುವಾಗಲೇ ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಒತ್ತಿ ಚೌಕಾಕಾರ ಕೊಟ್ಟು, 10 ನಿಮಿಷ ಬಿಟ್ಟು ಕತ್ತರಿಸಿ. ಎತ್ತಿಟ್ಟ ಕಾಲಾ ನಮಕ್ ಉದುರಿಸಿ, ಜಪಾನಿನಲ್ಲಿ ಮಾಡುವಂತೆ ತುರಿದು ಹಿಂಡಿದ ಬಿಳಿ ಮೂಲಂಗಿಯನ್ನು ಪಕ್ಕದಲ್ಲಿಟ್ಟು, ಅದರ ಮೇಲೆ ನಾಲ್ಕು ಹನಿ ಸೋಯಾ ಸಾಸ್ ಹಾಕಿ ಬಡಿಸಿ.