ಎರೆ ಮಣ್ಣಲ್ಲೂ ಇಟ್ಟಂಗಿ ಆಗುತ್ತದೆ: ನನ್ನ ಅನುಭವ

"ಎರಿ ಮಣ್ಣು ಬಿತ್ಲಾಕ ಅದ ತಮ್ಮಾ, ಗ್ವಾಡಿ ಕಟ್ಲಾಕ ಅಲ್ಲ" ಎಂದು ನಮ್ಮೂರ ಗೌಂಡಿ ಕಾಕಾ ನಕ್ಕಿದ್ದರು. ಹುಮನಾಬಾದ್ ಕಡೆ ಯಾರನ್ನು ಕೇಳಿದರೂ ಇದೇ ಮಾತು. ಈಗ ಅದೇ ಕಪ್ಪು ಎರೆ ಮಣ್ಣಿನ ಸುಡದ ಇಟ್ಟಂಗಿಯಲ್ಲಿ ನನ್ನ ದನದ ಕೊಟ್ಟಿಗೆಯೂ ಪಕ್ಕದ ಕೋಣೆಯೂ ನಿಂತಿವೆ. ಮಳೆಗಾಲ ದಾಟಿವೆ. ಕಾಕಾ ಮೊನ್ನೆ ಬಂದು ಗೋಡೆಗೆ ಮೊಳೆ ಹೊಡೆದು ನೋಡಿದರು. ಏನೂ ಮಾತಾಡಲಿಲ್ಲ!

ಅಚ್ಚು ಹೊಡೆಯುವುದು, ಮಣ್ಣು ತುಳಿಯುವುದು ನಿಮಗೆ ಗೊತ್ತಿದೆ, ಬಿಡಿ. ಜೀವ ತಿಂದಿದ್ದು ಮಿಶ್ರಣ. ಬರೀ ಎರೆಗೆ ತೊಗರಿ ಹೊಟ್ಟು ಹಾಕಿ ಏಪ್ರಿಲ್ ಬಿಸಿಲಿಗೆ ಇಟ್ಟರೆ ಸಂಜೆಯೊಳಗೆ ಬೆರಳು ತೂರುವಷ್ಟು ಬಿರುಕು. ಹೊಟ್ಟು ಜಾಸ್ತಿ ಮಾಡಿದರೆ ಬಿರುಕು ಕಡಿಮೆ, ಆದರೆ ಮೂಲೆಗಳು ಕೈಯಲ್ಲೇ ಉದುರುತ್ತಿದ್ದವು. ಗುಡ್ಡದ ಕೆಂಪು ಮುರುಮ್, ಅಂದರೆ ಗರಸು ಮಣ್ಣು, ಜರಡಿ ಹಿಡಿದು ಸೇರಿಸಿದೆ. ಒಣಗಿದಾಗ ಚೆಂದ ಕಂಡಿತು. ರಾತ್ರಿ ನೀರಲ್ಲಿಟ್ಟರೆ ಬೆಳಗ್ಗೆ ಬಕೆಟ್ ತುಂಬ ಅಂಬಲಿ.

ಸುಣ್ಣವೇ ಬೇಕು ಅಂತ ಗೊತ್ತಾಯಿತು. ಅಂಗಡಿಯಿಂದ ತಂದ ಪುಡಿ ಸುಣ್ಣ ಹಳೆಯದು, ಗಾಳಿ ಕುಡಿದು ಸತ್ತಿತ್ತು. ಸುಮಾರು ಮೂರು ಸಾವಿರ ರೂಪಾಯಿ ನೀರಿಗೆ ಹೋಯಿತು, ಅಂಗಡಿಯವರು ವಾಪಸ್ ಕೊಡಲಿಲ್ಲ. ಆಮೇಲಿಂದ ಸುಟ್ಟ ಸುಣ್ಣದ ಕಲ್ಲು ತಂದು ನಾನೇ ನೀರು ಚಿಮುಕಿಸಿ ಅರಳಿಸುತ್ತೇನೆ. ಕಣ್ಣಿಗೆ ಜೋಪಾನ.

ಲೆಕ್ಕ ಹೆಚ್ಚುಕಡಿಮೆ ಹೀಗೆ: ಎರೆ 3 ಪುಟ್ಟಿ, ಮುರುಮ್ 4, ಮರಳು 3, ಅರಳಿದ ಸುಣ್ಣ ಒಂದೂವರೆ. ಎಲ್ಲ ಒಟ್ಟಿಗೆ ಸುರಿಯಬೇಡಿ. ಮೊದಲು ಎರೆಗೆ ಮಾತ್ರ ಸುಣ್ಣ ಕಲಸಿ, ಹಸಿ ಮಾಡಿ, ಒಂದೆರಡು ದಿನ ತಾಡಪತ್ರಿ ಮುಚ್ಚಿಡಿ. ಎರೆಯ ಅಂಟು ಹೋಗಿ ಪುಡಿಪುಡಿಯಾಗುತ್ತದೆ. ಆಮೇಲೆ ಉಳಿದದ್ದು. ಅಚ್ಚಿನಿಂದ ತೆಗೆದ ಇಟ್ಟಂಗಿಗೆ ಬಿಸಿಲು ಬೇಡವೇ ಬೇಡ. ನೆರಳಲ್ಲಿ, ಒದ್ದೆ ಗೋಣಿಚೀಲದ ಕೆಳಗೆ ಒಂದು ತಿಂಗಳು. ಸುಣ್ಣ ಎರೆಯನ್ನು ಹಿಡಿಯಲು ತೇವ ಬೇಕು, ಸೆಕೆಯೂ ಬೇಕು. ಹಾಗಾಗಿ ಚಳಿಗಾಲದ ಇಟ್ಟಂಗಿ ತಡವಾಗಿ ಗಟ್ಟಿಯಾಗುತ್ತದೆ. ಅಚ್ಚಿಗೆ ಏನು ಸವರುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಚಹಾಕ್ಕೆ ಬನ್ನಿ, ನೋಡೋಣ.

ನಡುವೆ ಸುಮ್ನೆ ಬೆಲ್ಲದ ನೀರು ಹಾಕಿ ನೋಡಿದೆ. ಇರುವೆ ಬಂದವು, ಅಷ್ಟೇ. ಬಿಲ್ವದ ಕಾಯಿಯ ತಿರುಳು ನೆನೆಸಿದ ನೀರು ಮಾತ್ರ ಸುಣ್ಣದ ಗಿಲಾವಿಗೆ ಒಳ್ಳೆ ಹೊಳಪು ಕೊಟ್ಟಿತು. ಅದನ್ನು ಇನ್ನೊಂದು ಗೋಡೆಗೆ ಹಚ್ಚಬೇಕು ಅಂತಿದ್ದೇನೆ.

ನನ್ನ ಇಟ್ಟಂಗಿ 12, 6, 4 ಇಂಚು, ಎಂಟು ಕೆಜಿ ಚಿಲ್ಲರೆ ತೂಕ. ಕೂಲಿ, ಸುಣ್ಣ ಸೇರಿ ಒಂದಕ್ಕೆ ಹತ್ತು ಹನ್ನೊಂದು ರೂಪಾಯಿ ಬಿತ್ತು. ದುಬಾರಿ ಅನ್ನಬೇಡಿ. ಭಟ್ಟಿಯಲ್ಲಿ ಸುಟ್ಟ ಇಟ್ಟಂಗಿಯಾದರೆ ಅಷ್ಟು ಜಾಗಕ್ಕೆ ಎರಡೂವರೆ ಬೇಕು, ಅಲ್ವಾ? ಇಬ್ಬರು ಆಳು ಸೇರಿದರೆ ದಿನಕ್ಕೆ ಇನ್ನೂರರ ಹತ್ತಿರ ಆಗುತ್ತವೆ.

ಬುಡದ ಎರಡಡಿ ಕಲ್ಲಿನಲ್ಲೇ ಕಟ್ಟಿ, ಛಜ್ಜಾ ಅಗಲ ಬಿಡಿ. ಬಚ್ಚಲ ಗೋಡೆಗೆ ಮಾತ್ರ ನಾನು ಇನ್ನೂ ಧೈರ್ಯ ಮಾಡಿಲ್ಲ, ಅಲ್ಲಿ ಭಟ್ಟಿ ಇಟ್ಟಂಗಿಯೇ.