ಒಳ್ಳೇ ಸ್ಟ್ರೈಕರ್, ಕೆಟ್ಟ ಹೆಸರು: ನಾವು ಅವನನ್ನು ತಗೊಂಡಿದ್ದು ಹೇಗೆ

ಬೆಂಗಳೂರಿನ ಲೀಗ್‌ನಲ್ಲಿ ಆಡುವ ಸಣ್ಣ ಫುಟ್‌ಬಾಲ್ ಕ್ಲಬ್ ನಮ್ಮದು. ಯಾರನ್ನು ಸೈನ್ ಮಾಡಬೇಕು ಅನ್ನೋದನ್ನು ನಾನು ನೋಡಿಕೊಳ್ಳುತ್ತೇನೆ. ಹೋದ ಸೀಸನ್‌ಗೆ ಮುಂಚೆ ಒಬ್ಬ ಸ್ಟ್ರೈಕರ್ ಸಿಗುವ ಹಾಗಿದ್ದ. ಗೋಲಿನ ಮುಂದಿನ ಬಾಕ್ಸ್ ಒಳಗೆ ಅಷ್ಟು ಚುರುಕಾದ ಹುಡುಗ ನಮ್ಮ ಮಟ್ಟದಲ್ಲಿ ಸಿಗೋದು ಕಷ್ಟ. ಆದರೆ ರೆಫರಿ ಜೊತೆ ಜಗಳ, ರೆಡ್ ಕಾರ್ಡ್, ಹಳೇ ಕ್ಲಬ್‌ನಲ್ಲಿ ಮನಸ್ತಾಪ. ‘ಸುಮ್ನೆ ತಲೆನೋವು ಯಾಕ್ರೀ?’ ಅಂದರು ಕಮಿಟಿಯವರು.

ಅವನ ಗೋಲುಗಳ ವಿಡಿಯೋ ಎಲ್ಲರೂ ನೋಡಿದ್ದರು. ನನಗೆ ಬೇಕಿದ್ದದ್ದು ಗಲಾಟೆ ಎಲ್ಲಿ, ಯಾವಾಗ ಆಗುತ್ತೆ ಅನ್ನೋದು. ಹಳೇ ಕ್ಲಬ್‌ನ ದೊಡ್ಡವರನ್ನು ಕೇಳಲಿಲ್ಲ, ಅವರು ಹೇಳೋದು ಅವರ ಸಿಟ್ಟಿನ ಮಾತು. ಜೊತೆಗೆ ಆಡಿದ ಹುಡುಗರನ್ನು, ಕಿಟ್ ನೋಡಿಕೊಳ್ಳುವವರನ್ನು ಕೇಳಿದೆ. ಪ್ರಾಕ್ಟೀಸ್ ತಪ್ಪಿಸಲ್ಲ, ಜೂನಿಯರ್‌ಗಳಿಗೆ ಹೇಳಿಕೊಡ್ತಾನೆ, ಮ್ಯಾಚ್‌ನಲ್ಲಿ ಒದೆ ತಿಂದು ರೆಫರಿ ಸೀಟಿ ಊದದೇ ಹೋದರೆ ಮಾತ್ರ ತಲೆ ಕೆಡುತ್ತೆ ಅಂದರು. ಇಂಥವನನ್ನು ನಿಭಾಯಿಸಬಹುದು. ಪ್ರಾಕ್ಟೀಸ್‌ಗೇ ಬಾರದವನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಹೆಂಡತಿಗೆ ಹೊಡೆಯುವವನು, ದುಡ್ಡು ತಿಂದು ಮ್ಯಾಚ್ ಬಿಡುವವನು ಎಷ್ಟೇ ಗೋಲು ಹೊಡೆದರೂ ಬೇಡ.

ಕಮಿಟಿಯಲ್ಲಿ ಉರುಗ್ವೆಯ ಸ್ಟ್ರೈಕರ್ ಸುವಾರೆಜ್ ಹೆಸರು ಬಂತು, ಬರದೇ ಇರುತ್ತಾ? ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ಗೆ ಆಡುತ್ತಿದ್ದಾಗ, 2013ರಲ್ಲಿ, ಚೆಲ್ಸಿಯ ಇವಾನೊವಿಚ್‌ನನ್ನು ಕಚ್ಚಿ 10 ಪಂದ್ಯ ಹೊರಗೆ ಕೂತ. ಲಿವರ್‌ಪೂಲ್ ಬಿಡಲಿಲ್ಲ, ಮುಂದಿನ ಸೀಸನ್‌ನ ಲೀಗ್‌ನಲ್ಲಿ 31 ಗೋಲು ಹೊಡೆದ. 2014ರ ವಿಶ್ವಕಪ್‌ನಲ್ಲಿ ಇಟಲಿಯ ಡಿಫೆಂಡರ್ ಕಿಯೆಲಿನಿಯನ್ನೂ ಕಚ್ಚಿದ, ಆದರೂ ಬಾರ್ಸಿಲೋನಾ ಕೊಂಡಿತು, 2015ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಅವನು ಹೋದ ಮೇಲೆ ಲಿವರ್‌ಪೂಲ್ 1.6 ಕೋಟಿ ಪೌಂಡ್ ಕೊಟ್ಟು ಇಟಲಿಯ ಸ್ಟ್ರೈಕರ್ ಬಾಲೊಟೆಲ್ಲಿಯನ್ನು ತಂದಿತು, ಅವನಿಗೂ ಕೆಟ್ಟ ಹೆಸರೇ. ಲೀಗ್‌ನಲ್ಲಿ ಅವನದು ಒಂದೇ ಗೋಲು. ಇಬ್ಬರನ್ನೂ ‘ಪುಂಡರು’ ಅಂತ ಒಂದೇ ಗೂಡಿಗೆ ಹಾಕೋದು ನನಗೆ ಸರಿ ಕಾಣಲ್ಲ. ಆ ತಂಡದ ಫಾರ್ವರ್ಡ್‌ಗಳು ಬಾಲ್ ಕಳೆದುಕೊಂಡ ತಕ್ಷಣ ಎದುರಾಳಿ ಡಿಫೆಂಡರ್‌ಗಳ ಬೆನ್ನು ಹತ್ತಬೇಕಿತ್ತು, ಬಾಲೊಟೆಲ್ಲಿ ಆಟ ಅದಲ್ಲ. ಪುಂಡಾಟಕ್ಕಿಂತ ಅದೇ ಜಾಸ್ತಿ ಮುಳುವಾಯಿತು ಅಂತ ನನ್ನ ಲೆಕ್ಕ.

ನಮ್ಮ ಹುಡುಗ ಹಾಗೆ ಬೆನ್ನು ಹತ್ತಿ ಓಡುತ್ತಿದ್ದ. ಸೈನ್ ಮಾಡಿಸುವ ಮುಂಚೆ ಕ್ಯಾಪ್ಟನ್‌ನನ್ನು ಕೇಳಿದೆ. ‘ಬರಲಿ ಸರ್, ರೆಫರಿ ಹತ್ರ ಮಾತಾಡೋದು ಮಾತ್ರ ನಾನು’ ಅಂದ. ಅದನ್ನೇ ರೂಲ್ ಮಾಡಿದೆವು. ಕೈಗೆ ಮುಂಗಡ ಕಡಿಮೆ, ಉಳಿದದ್ದು ಮ್ಯಾಚ್ ಲೆಕ್ಕದಲ್ಲಿ. ಬಾಯಿ ಮಾಡಿ ಕಾರ್ಡ್ ತಗೊಂಡರೆ ಫೈನ್ ಅವನದೇ, ಸಸ್ಪೆಂಡ್ ಆದರೆ ಆ ಮ್ಯಾಚಿನ ದುಡ್ಡಿಲ್ಲ. ಅವನು ಮುಖ ಸಣ್ಣ ಮಾಡಿಕೊಂಡು ‘ನನಗೊಬ್ಬನಿಗೇನಾ ಸರ್?’ ಅಂದ. ‘ಎಲ್ಲರಿಗೂ ಕಣಪ್ಪ, ಕಟ್ಟೋನು ಮಾತ್ರ ನೀನೇ’ ಅಂದೆ. ನಕ್ಕುಬಿಟ್ಟ.

ಹಳದಿ ಕಾರ್ಡ್ ಬಿದ್ದು ಮುಖ ಬಿಗಿದರೆ ಗೋಲು ಬೇಕಿದ್ದರೂ ಹೊರಗೆ ಕರೆಸುತ್ತಿದ್ದೆವು. ಅದಕ್ಕೇ ಇನ್ನೊಬ್ಬ ಸ್ಟ್ರೈಕರ್ ಬೆಂಚಿನಲ್ಲಿ ಇರಲೇಬೇಕು, ಇವನೊಬ್ಬನನ್ನೇ ನಂಬಿ ತಂಡ ಕಟ್ಟೋಕಾಗಲ್ಲ. ಆ ಸೀಸನ್‌ನಲ್ಲಿ ನಮಗೆ ಜಾಸ್ತಿ ಗೋಲು ಹೊಡೆದವನು ಇವನೇ. ರೆಡ್ ಕಾರ್ಡ್ ತಗೊಂಡು ಮುಖ್ಯವಾದ ಒಂದು ಮ್ಯಾಚಿಗೆ ಇಲ್ಲದೇ ಹೋದವನೂ ಇವನೇ, ಅದನ್ನು ಡ್ರಾ ಮಾಡಿಕೊಳ್ಳೋ ಹೊತ್ತಿಗೆ ಸಾಕಾಯಿತು. ಈ ಸಲ ಸೈನ್ ಮಾಡುವಾಗ ಮುಂಗಡ ಸ್ವಲ್ಪ ಜಾಸ್ತಿ ಕೊಟ್ಟೆವು. ಫೈನ್ ಕಡಿಮೆ ಮಾಡಿ ಅಂತ ಕೇಳಿದ, ಮಾಡಲಿಲ್ಲ.