ರೀಫ್ ಟ್ಯಾಂಕಿನ ಪಾಚಿ: ಕಳೆ ಕೀಳುವ ಮೊದಲು ಗೊಬ್ಬರ ನಿಲ್ಲಿಸಿ

ಮಂಡ್ಯದ ಕಡೆ ಗದ್ದೆಗೆ ಯೂರಿಯಾ ಎರಚಿದ ಮೇಲೆ ಪಕ್ಕದ ಬಸಿಗಾಲುವೆ ಹಸಿರುಗಟ್ಟುವುದನ್ನು ನೋಡಿದವರಿಗೆ ಈ ವಿಷಯ ಹೊಸದಲ್ಲ. ಮನೆಯಲ್ಲಿ ಹವಳ, ಮೀನು ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕಿನಲ್ಲಿ ಆಗುವುದೂ ಅದೇ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಇವೆ, ತಲೆಯ ಮೇಲೆ ಲೈಟ್ ಇದೆ; ಪಾಚಿ ಬಾರದೆ ಇನ್ನೇನು? ಪಾಚಿ ಕಂಡ ಕೂಡಲೇ ಅಂಗಡಿಗೆ ಹೋಗಿ ಪಾಚಿ ಕೊಲ್ಲುವ ಬಾಟಲಿ ತರಬೇಡಿ. ಸಿಹಿನೀರಿನ ಮೀನಿಗೆಂದು ಮಾರುವ ಅಂಥ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ಅದು ರೀಫ್ ಟ್ಯಾಂಕಿಗೆ ಬಿದ್ದರೆ ಪಾಚಿಗಿಂತ ಮೊದಲು ಶಂಖ, ಸಿಗಡಿ, ಹವಳ ಸಾಯುತ್ತವೆ.

ಇಲ್ಲಿನ ಲೆಕ್ಕವೆಲ್ಲ 100 ಲೀಟರ್ ಟ್ಯಾಂಕಿನದು. ನಿಮ್ಮದು ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಿ.

ನೀರು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ದಂಡ

ಕಾವೇರಿ ನಲ್ಲಿ ನೀರು ಕುಡಿಯಲು ಚೆನ್ನ, ಈ ಟ್ಯಾಂಕಿಗಲ್ಲ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಗದ್ದೆ, ಕಬ್ಬಿನ ತೋಟದ ಪಕ್ಕದ ಬೋರ್ ಆದರೆ ಗಡಸುತನದ ಜೊತೆಗೆ ನೈಟ್ರೇಟೂ ಬರುತ್ತದೆ. ಬೇಕಾದದ್ದು ಆರ್‌ಒ ಆದ ಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಹಾದು ಬಂದ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 0 ತೋರಿಸುವ ನೀರು.

ಅಡುಗೆಮನೆಯ ಆರ್‌ಒ ಇದೆಯಲ್ಲ ಎನ್ನುವವರು ಒಮ್ಮೆ ಅದರ ಮುಚ್ಚಳ ತೆಗೆದು ನೋಡಿ. ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ವಾಪಸ್ ಬೆರೆಸುವ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಗಣೆ ಇರುತ್ತದೆ, ಇಲ್ಲವೇ ಕೊನೆಯಲ್ಲೊಂದು ಮಿನರಲ್ ಕಾರ್ಟ್ರಿಜ್. ಅದಕ್ಕೇ ನಿಮ್ಮ ಗ್ಲಾಸಿನ ನೀರು 50, 80 ಎಂದು ತೋರಿಸುವುದು. ಮೆಂಬ್ರೇನಿನಿಂದ ಹೊರಬರುವ ಪೈಪಿಗೆ, ಇವೆರಡಕ್ಕೂ ಮೊದಲೇ, ಒಂದು ಟೀ ಜಾಯಿಂಟ್ ಹಾಕಿಸಿ ಡಿಐ ಕಾರ್ಟ್ರಿಜ್ ಕೂಡಿಸಿದರೆ ಕೆಲಸ ನಡೆಯುತ್ತದೆ. ಮೀಟರ್ 1 ತೋರಿಸಿದ ದಿನವೇ ರೆಸಿನ್ ಬದಲಿಸಿ. ಮುಗಿಯುತ್ತಾ ಬಂದ ರೆಸಿನ್ ಮೊದಲು ಬಿಟ್ಟುಕೊಡುವುದು ಸಿಲಿಕೇಟನ್ನು, ಮೀಟರ್ ಅದನ್ನು ಸರಿಯಾಗಿ ಹಿಡಿಯುವುದೂ ಇಲ್ಲ.

ಎಲ್ಲರೂ ಎಡವುವುದು, ಆವಿಯಾದಷ್ಟನ್ನು ತುಂಬಲು ಹಾಕುವ ಟಾಪ್‌ಅಪ್ ನೀರಿನಲ್ಲಿ. ಏಪ್ರಿಲ್‌ನಲ್ಲಿ ಮೈಸೂರಿನ ಬಿಸಿಲಿಗೆ ಟ್ಯಾಂಕ್ 29 ಡಿಗ್ರಿ ದಾಟುತ್ತದೆ ಎಂದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಡುತ್ತೀರಿ. ಒಳ್ಳೆಯದೇ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ದಿನಕ್ಕೆ 2 ಲೀಟರ್ ಆವಿಯಾಯಿತು ಎನ್ನಿ, ತಿಂಗಳಿಗೆ 60 ಲೀಟರ್. ಹೋಗುವುದು ಬರೀ ನೀರು. ಅದರಲ್ಲಿದ್ದದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. 20 ಪಿಪಿಎಂ (ಲೀಟರ್‌ಗೆ 20 ಮಿಲಿಗ್ರಾಂ) ನೈಟ್ರೇಟ್ ಇರುವ ಬೋರ್ ನೀರಿನಿಂದ ಅಷ್ಟನ್ನೂ ತುಂಬಿಸಿದರೆ ಒಂದೇ ತಿಂಗಳಲ್ಲಿ ಟ್ಯಾಂಕಿಗೆ 12 ಪಿಪಿಎಂ ಸೇರಿತು, ಮೀನಿಗೆ ಒಂದು ಕಾಳು ಹಾಕದೆಯೇ. ಹಾಗಾಗಿ ಟಾಪ್‌ಅಪ್‌ಗೂ ಡಿಐ ನೀರೇ, ಉಪ್ಪು ಬೆರೆಸದೆ.

ಅಳತೆ, ಮತ್ತು ಅಳತೆ ಹೇಳುವ ಸುಳ್ಳು

ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗಿರಲಿ. ಡಿಜಿಟಲ್ ಚೆಕರ್ ಕೆಲವು ಫಾಸ್ಫರಸ್ಸನ್ನು ಪಿಪಿಬಿಯಲ್ಲಿ, ಅಂದರೆ ಪಿಪಿಎಂನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ತೋರಿಸುತ್ತವೆ, ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿ. 20 ಎಂದು ಬಂದರೆ ಫಾಸ್ಫೇಟ್ ಸುಮಾರು 0.06.

ಕಲ್ಲಿನ ತುಂಬ ಕೂದಲು ಪಾಚಿ, ಟೆಸ್ಟಿನಲ್ಲಿ ಮಾತ್ರ ಸೊನ್ನೆ. ಕಿಟ್ ಕೆಟ್ಟಿಲ್ಲ. ಬಂದದ್ದನ್ನು ಬಂದ ಹಾಗೇ ಪಾಚಿ ತಿಂದು ಹಾಕುತ್ತಿದೆ, ಕಿಟ್‌ಗೆ ಸಿಗುವುದು ಅದು ತಿಂದು ಬಿಟ್ಟದ್ದು. ಇಂಥ ಹೊತ್ತಿನಲ್ಲಿ ಸಂಖ್ಯೆ ಬಿಟ್ಟು ಕಣ್ಣನ್ನು ನಂಬಿ.

ನೈಟ್ರೇಟ್ 40 ಇದ್ದರೆ ವಾರಕ್ಕೆ 10 ಲೀಟರ್‌ನಂತೆ ನೀರು ಬದಲಿಸಿದರೂ ನಾಲ್ಕು ವಾರಕ್ಕೆ ಇಳಿಯುವುದು 26ರ ಹತ್ತಿರಕ್ಕೆ, ಅದೂ ನಡುವೆ ಹೊಸದು ಸೇರದಿದ್ದರೆ. ನೀರು ಬದಲಿಸುವುದೊಂದನ್ನೇ ನಂಬಿ ಕೂರಬೇಡಿ ಎನ್ನುವುದು ಅದಕ್ಕೆ. 10 ಲೀಟರ್‌ಗೆ ಮರೀನ್ ಸಾಲ್ಟ್ ಸುಮಾರು 370 ಗ್ರಾಂ. ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ಪಂಪ್ ಬಿಟ್ಟು ಕರಗಿಸಿ, ಸಾಂದ್ರತೆ 1.025 ನೋಡಿಕೊಂಡು ಹಾಕಿ. ಅಡುಗೆ ಉಪ್ಪು ನಡೆಯುವುದಿಲ್ಲ.

ಗೊಬ್ಬರ ಎಲ್ಲಿಂದ ಬರುತ್ತದೆ

ಹೆಚ್ಚಿನ ಪಾಲು ನಿಮ್ಮ ಕೈಯಿಂದಲೇ. ಫ್ರೋಜನ್ ಮೈಸಿಸ್ (ಪುಟ್ಟ ಸಿಗಡಿಯಂಥ ಮೀನಿನ ಆಹಾರ) ಕ್ಯೂಬನ್ನು ನೇರ ಹಾಕಬೇಡಿ. ಒಂದು ಲೋಟ ಡಿಐ ನೀರಿನಲ್ಲಿ ಕರಗಿಸಿ, ಟೀ ಸೋಸುವ ಜರಡಿಗೆ ಸುರಿದು, ಆ ರಸ ಚೆಲ್ಲಿ, ಉಳಿದದ್ದನ್ನಷ್ಟೇ ಕೊಡಿ. ಒಣ ಆಹಾರವಾದರೆ ಒಂದು ನಿಮಿಷದಲ್ಲಿ ಮುಗಿಯುವಷ್ಟು. ಕಸ ಸೋಸುವ ಚೀಲ, ಫಿಲ್ಟರ್ ಸಾಕ್, ಮೂರು ದಿನಕ್ಕೊಮ್ಮೆ ತೊಳೆಯಿರಿ. ಅದರಲ್ಲಿ ಕೂತ ಕಸ ಅಲ್ಲೇ ಕೊಳೆತು ಮತ್ತೆ ನೀರಿಗೇ ಇಳಿಯುತ್ತದೆ. ನೀರಿನ ಕೊಳೆಯನ್ನು ನೊರೆಯಲ್ಲಿ ಎತ್ತುವ ಸ್ಕಿಮ್ಮರ್ ಕಪ್‌ನ ಕತ್ತು ಲೋಳೆಗಟ್ಟಿದರೆ ನೊರೆ ಮೇಲೇರುವುದಿಲ್ಲ, ವಾರಕ್ಕೆರಡು ಸಲ ಒರೆಸಿ.

ಇನ್ನೊಂದು ಮೂಲ ಕಲ್ಲು. ಬೇರೆಯವರ ಹಳೆಯ ಟ್ಯಾಂಕಿನಿಂದ ತಂದ ಕಲ್ಲು ವರ್ಷಗಟ್ಟಲೆ ಹೀರಿಕೊಂಡ ಫಾಸ್ಫೇಟನ್ನು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ಹೊಸದಾಗಿ ಕಟ್ಟುವವರು ಸೆರಾಮಿಕ್ ಕಲ್ಲು ತೆಗೆದುಕೊಳ್ಳುವುದೇ ಮೇಲು. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಸತ್ತ ತುಂಡನ್ನು ಇಟ್ಟುಕೊಂಡರೂ ಅಪರಾಧವೇ. 'ಲೈವ್ ರಾಕ್' ಎಂದು ಕೊಡುವುದು ಹಲವು ಸಲ ಅದೇ ಆಗಿರುತ್ತದೆ.

ಕಲ್ಲಿನಿಂದ ಬರುವ ಫಾಸ್ಫೇಟಿಗೆ ಜಿಎಫ್‌ಒ, ಅಂದರೆ ಕಬ್ಬಿಣದ ಆಕ್ಸೈಡಿನ ಕಂದು ಹರಳು. 25 ಗ್ರಾಂನಿಂದ ಶುರು ಮಾಡಿ. ಕೆಂಪು ನೀರು ಹೋಗುವ ತನಕ ತೊಳೆದು, ಬಲೆ ಚೀಲಕ್ಕೆ ಹಾಕಿ, ನೀರು ಹಾದುಹೋಗುವ ಜಾಗದಲ್ಲಿಡಿ. ಒಮ್ಮೆಲೇ ಜಾಸ್ತಿ ಹಾಕಿದರೆ ಫಾಸ್ಫೇಟ್ ಧಡಕ್ಕನೆ ಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಟ್ಯಾಂಕಿನ ಕೆಳಗೆ ಫಿಲ್ಟರ್ ತೊಟ್ಟಿ, ಅಂದರೆ ಸಂಪ್, ಇದ್ದವರು ಒಂದು ಹಿಡಿ ಕೀಟೊಮಾರ್ಫಾ ಪಾಚಿ ಬೆಳೆಸಿ, ಅದರ ಲೈಟನ್ನು ರಾತ್ರಿ ಉರಿಸಿ. ಬೆಳೆದಂತೆ ಅರ್ಧ ಕಿತ್ತು ಎಸೆಯಿರಿ. ಕಿತ್ತು ಎಸೆದರೇ ಲಾಭ, ಬಿಟ್ಟರೆ ಅಲ್ಲೇ ಕೊಳೆಯುತ್ತದೆ.

ಬೆಳಕು ದಿನಕ್ಕೆ 8 ಗಂಟೆ, ಟೈಮರ್ ಮೇಲೆ. ನೀಲಿ ಹೆಚ್ಚು, ಬಿಳಿ ಕಡಿಮೆ. ಕಿಟಕಿಯ ಬಿಸಿಲು ಗಾಜಿಗೆ ಬೀಳದಿರಲಿ.

ಯಾವ ಪಾಚಿ, ಏನು ಮದ್ದು

ಹೊಸ ಟ್ಯಾಂಕಿನ ಕಂದು ಧೂಳು ಡಯಾಟಮ್. ಅದರ ಆಹಾರವಾದ ಸಿಲಿಕೇಟ್ ಮುಗಿದರೆ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ, ಕೈ ಕಟ್ಟಿ ಕೂತಿರಿ. ಗುಲಾಬಿ, ನೇರಳೆ ಬಣ್ಣದ ಗಟ್ಟಿ ಲೇಪ ಕೋರಲೈನ್. ಅದು ಬಂದರೆ ಸಂತೋಷಪಡಿ, ಕೆರೆಯಬೇಡಿ.

ಕೆಂಪು ಲೋಳೆ ಹಾಳೆಯಂತೆ ಎದ್ದು ಬಂದರೆ ಸಯನೊ. ಇದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ನೀರು ಓಡಾಡದ ಮೂಲೆಯಲ್ಲೇ ಶುರುವಾಗುತ್ತದೆ. ಪೈಪಿನಲ್ಲಿ ಹೀರಿ ತೆಗೆದು, ನೀರು ಓಡಿಸುವ ವೇವ್‌ಮೇಕರ್ ಮುಖವನ್ನು ಆ ಕಡೆ ತಿರುಗಿಸಿ. ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಎರಿತ್ರೊಮೈಸಿನ್ ಕಡೆ ಮನಸ್ಸು ಮಾಡಬೇಡಿ.

ಹಸಿರು ಕೂದಲು ಪಾಚಿಗೆ ಕೈಯೇ ಮದ್ದು. ಪಂಪ್ ನಿಲ್ಲಿಸಿ. ಎತ್ತಲು ಬರುವ ಕಲ್ಲನ್ನು ಟ್ಯಾಂಕಿನದೇ ನೀರಿರುವ ಬಕೆಟ್‌ಗೆ ಇಳಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನಲ್ಲಿಯ ಕೆಳಗೆ ಉಜ್ಜಿದರೆ ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಬೇರು ಕಿತ್ತು ಬಾರದ ಕಡೆ 3% ಹೈಡ್ರೊಜನ್ ಪೆರಾಕ್ಸೈಡ್ ಹನಿಸಿ, ನೊರೆ ಏಳಲಿ, ಮೂರು ನಿಮಿಷ ಬಿಟ್ಟು ಉಪ್ಪುನೀರಿನಲ್ಲೇ ತೊಳೆದು ವಾಪಸ್ ಇಡಿ. ಮೃದು ಹವಳಕ್ಕೆ ತಾಗದಿರಲಿ. ಎತ್ತಲಾಗದ ಕಲ್ಲಾದರೆ ಒಂದು ಕೈಯಲ್ಲಿ ಕೀಳುತ್ತಾ ಇನ್ನೊಂದು ಕೈಯಲ್ಲಿ ಪೈಪ್ ಹತ್ತಿರವೇ ಹಿಡಿದಿರಿ. ತಪ್ಪಿಸಿಕೊಂಡ ಒಂದೊಂದು ಎಳೆಯೂ ಬೇರೆ ಕಡೆ ಹೋಗಿ ಊರುತ್ತದೆ. ಶಂಖ, ಹರ್ಮಿಟ್ ಏಡಿ ಬಿಡುವುದು ಇದಾದ ಮೇಲೆ. ಉದ್ದ ಬೆಳೆದದ್ದನ್ನು ಅವು ಮುಟ್ಟುವುದು ಕಡಿಮೆ, ಚಿಗುರನ್ನು ಮೇಯುತ್ತವೆ. ಮೊದಲು ಐದಾರು ಸಾಕು.

ಎಳೆ ಗರಿಯ ಹಾಗೆ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್, ಶಂಖಗಳು ಮೂಸಿಯೂ ನೋಡುವುದಿಲ್ಲ. ಇದಕ್ಕೆ ಹವ್ಯಾಸಿಗಳು ಬಳಸುವುದು ಫಂಗಸ್ ಔಷಧಿ ಫ್ಲುಕೊನಜೋಲ್, ಲೀಟರ್‌ಗೆ 5 ಮಿಲಿಗ್ರಾಂ, ಅಂದರೆ 100 ಲೀಟರ್‌ಗೆ 500. ಔಷಧಿ ಹೀರಿಬಿಡುವ ಫಿಲ್ಟರಿನ ಕಾರ್ಬನ್ ತೆಗೆದು, ಎರಡು ಮೂರು ವಾರ ನೀರು ಬದಲಿಸದೆ ಬಿಡಬೇಕು.

ಕಂದು ಲೋಳೆಯ ದಾರ, ತುದಿಯಲ್ಲಿ ಗಾಳಿಗುಳ್ಳೆ, ಶಂಖಗಳು ಒಂದೊಂದೇ ಸಾಯುತ್ತಿವೆ ಎಂದರೆ ಡೈನೊ (ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿ) ಇರಬಹುದು. ಸ್ವಲ್ಪ ಲೋಳೆಯನ್ನು ಟ್ಯಾಂಕಿನ ನೀರಿನೊಂದಿಗೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ಟಿಶ್ಯೂ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ಲೈಟಿನ ಕೆಳಗೆ ಒಂದು ಗಂಟೆ ಇಡಿ. ದಾರ ಮತ್ತೆ ಕಟ್ಟಿಕೊಂಡರೆ ಡೈನೊ ಎಂದೇ ತಿಳಿಯಿರಿ. ಈಗ ಮೇಲಿನ ಲೆಕ್ಕವೆಲ್ಲ ಉಲ್ಟಾ: ಗೊಬ್ಬರವನ್ನು ಸೊನ್ನೆಗೆ ಇಳಿಸಿದ ಟ್ಯಾಂಕಿಗೇ ಇದು ಹೆಚ್ಚಾಗಿ ಬರುವುದು. ಜಿಎಫ್‌ಒ ತೆಗೆಯಿರಿ, ನೀರು ಬದಲಿಸುವುದು ನಿಲ್ಲಿಸಿ, ಮೀನಿಗೆ ಸ್ವಲ್ಪ ಧಾರಾಳವಾಗಿಯೇ ಹಾಕಿ. ನೈಟ್ರೇಟ್ 5, ಫಾಸ್ಫೇಟ್ 0.05 ದಾಟಲಿ. ಮೂರು ದಿನ ಲೈಟ್ ಆರಿಸಿ ಟ್ಯಾಂಕಿಗೆ ಬೆಡ್‌ಶೀಟ್ ಹೊದಿಸಬಹುದು. ಆಗ ಆಮ್ಲಜನಕ ಇಳಿಯುತ್ತದೆ, ಕರೆಂಟ್ ಹೋದರೂ ನಿಲ್ಲದ ಬ್ಯಾಟರಿ ಏರ್ ಪಂಪ್ ಹಾಕಿಡಿ.